ಎರಡು ವಾರ ನೀರು, ಕರೆಂಟು, ಅಂಗಡಿ ಇಲ್ಲದಿದ್ದರೂ ಮನೆ ನಡೆಯಬೇಕು: 30×40 ಸೈಟಿನ ತಾರಸಿ ತೋಟ ಎಷ್ಟು ಕೈಹಿಡಿಯುತ್ತೆ?

ಕುವೆಂಪುನಗರ_ತಾರಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 30×40 ಸೈಟು, ಆರ್‌ಸಿಸಿ ಮನೆ. ಐದು ಜನ ಇದ್ದೀವಿ. ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ತಾರೆ. ಸಂಪು 6,000 ಲೀಟರ್, ಮೇಲಿನ ಟ್ಯಾಂಕು 1,000 ಲೀಟರ್, ಬೋರ್‌ವೆಲ್ ಇಲ್ಲ. ಇನ್ವರ್ಟರ್ 900 ವಿಎ, ಬ್ಯಾಟರಿ 150 ಎಎಚ್. ತಾರಸಿ ಸುಮಾರು 800 ಚದರಡಿ. ಸೋಲಾರ್ ಗೀಸರು, ಬಟ್ಟೆ ಒಣಹಾಕೋ ಜಾಗ ಬಿಟ್ಟರೆ ಗಿಡಕ್ಕೆ 400 ಚದರಡಿ ಸಿಗುತ್ತೆ.

ಬೇಸಿಗೆ ಕೊನೆಯ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗೋದು, ಪೈಪ್‌ಲೈನ್ ಒಡೆದು ನೀರು ನಿಲ್ಲೋದು, ಕಾವೇರಿ ವಿಚಾರಕ್ಕೆ ಬಂದ್ ಆಗೋದು ಇವೆಲ್ಲ ನಮ್ಮೂರಿಗೆ ಹೊಸದಲ್ಲ. 2023ರಲ್ಲಂತೂ ಕೆಆರ್‌ಎಸ್ ತುಂಬಲೇ ಇಲ್ಲ. ಹಾಗಾಗಿ ಎರಡು ವಾರ ಹೊರಗಿಂದ ಏನೂ ಬರದಿದ್ದರೂ ತಡೆದುಕೊಳ್ಳೋ ಹಾಗೆ ಮನೆಯನ್ನ ಸಜ್ಜು ಮಾಡಬೇಕು ಅಂತಿದೆ.

ಕೇಳೋದಿಷ್ಟು: ನೀರು, ದಿನಸಿ ಎಷ್ಟೆಷ್ಟು ಇಟ್ಟುಕೊಳ್ಳಬೇಕು? 400 ಚದರಡಿಯಲ್ಲಿ ಏನು ಬೆಳೆದರೆ ಹೊಟ್ಟೆ ತುಂಬುತ್ತೆ? ತಾರಸಿ ಅಷ್ಟು ಭಾರ ತಡೆಯುತ್ತಾ? ಮಳೆನೀರು ಸಂಪಿಗೆ ಬಿಡಬಹುದಾ? ಲೆಕ್ಕದ ಸಮೇತ ಹೇಳಿದರೆ ಉಪಕಾರ.

---

ಸಂಪಿನ_ಮುಚ್ಚಳ

ಮೇಡಂ, ತೋಟದ ಮಾತು ಆಮೇಲೆ. ಮೊದಲು ನೀರು ನೋಡಿ.

ಮೈಸೂರಿಗೆ ಕಾವೇರಿ, ಕಬಿನಿ ನೀರು ತಾನಾಗಿ ಹರಿದು ಬರಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಂಥ ಕಡೆಯಿಂದ ಪಂಪ್ ಮಾಡಿ ತಳ್ತಾರೆ. ಅಂದರೆ ದೊಡ್ಡ ಮಟ್ಟದಲ್ಲಿ ಕರೆಂಟು ಹೋದರೆ ಹಿಂದೆಯೇ ನೀರೂ ಹೋಗುತ್ತೆ, ಅದೇ ಹೊತ್ತಿಗೆ ನಿಮ್ಮ ಸಂಪಿನ ಮೋಟಾರೂ ಓಡಲ್ಲ. ಎರಡನ್ನೂ ಬೇರೆ ಬೇರೆ ತೊಂದರೆ ಅಂತ ಲೆಕ್ಕ ಹಾಕಬೇಡಿ.

ಕುಡಿಯೋಕೆ, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಅಂದರೆ ಐದು ಜನಕ್ಕೆ 25, ಹದಿನಾಲ್ಕು ದಿನಕ್ಕೆ 350 ಲೀಟರ್. ಪಾತ್ರೆ, ಕಕ್ಕಸು, ಅರ್ಧ ಬಕೆಟ್ ಸ್ನಾನ ಎಲ್ಲಾ ಸೇರಿಸಿ ಬಿಗಿಯಾಗಿ ಬಳಸಿದರೆ ತಲೆಗೆ 40 ಲೀಟರ್ ಹಿಡೀರಿ: ದಿನಕ್ಕೆ 200, ಎರಡು ವಾರಕ್ಕೆ 2,800. ಸಂಪಿನ ತಳದ 15 ಸೆಂ.ಮೀ. ಕೆಸರು, ಫುಟ್‌ವಾಲ್ವಿಗೂ (ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದ ಹಾಗೆ ತಡೆಯೋ ವಾಲ್ವು) ಎಟುಕಲ್ಲ. ಸಂಪು 2×2×1.5 ಮೀಟರ್ ಅಂದುಕೊಂಡರೆ ಅಲ್ಲೇ 600 ಲೀಟರ್ ಹೋಯ್ತು. ಉಳಿದ ಲೆಕ್ಕ ಸರಳ: ಸಂಪು ಯಾವತ್ತೂ 3,500 ಲೀಟರಿಗಿಂತ ಕೆಳಗಿಳಿಯಬಾರದು. ನಿಮ್ಮದು ಅದೇ ಅಳತೆಯದ್ದಾದರೆ ತಳದಿಂದ 88 ಸೆಂ.ಮೀ.ಗೆ ಗೋಡೆ ಮೇಲೆ ಕೆಂಪು ಪೇಂಟಲ್ಲಿ ಒಂದು ಗೆರೆ ಎಳೀರಿ. ಗೆರೆ ಕಂಡ ದಿನ ಬಟ್ಟೆ ಒಗೆಯೋದು, ಕಾರು ತೊಳೆಯೋದು ಬಂದ್. 6,000 ಲೀಟರ್ ಸಂಪಿದೆ ಅನ್ನೋ ಧೈರ್ಯದಲ್ಲಿ ಎಲ್ಲರೂ ಇರ್ತಾರೆ, ನೀರು ನಿಲ್ಲೋದು ಮಾತ್ರ ಸಂಪು ಕಾಲುಭಾಗಕ್ಕೆ ಇಳಿದ ದಿನವೇ.

ಮೇಲಕ್ಕೆತ್ತೋದು ಹೇಗೆ? ಹಗ್ಗ, ಬಕೆಟ್ ಅಂತ ಸಂಪಿನ ಬಾಯಿ ದಿನವಿಡೀ ತೆರೆದಿಟ್ಟರೆ ಮಕ್ಕಳು, ಬೆಕ್ಕು, ಕೊಳಕು ಎಲ್ಲಾ ಅಪಾಯ. ಒಂದಿಂಚಿನ ಪೈಪು, ತಳದಲ್ಲಿ ಫುಟ್‌ವಾಲ್ವು, ಮೇಲೆ ಕೈಪಂಪು ಕೂರಿಸಿ. ಕೈಪಂಪು ಆರು ಮೀಟರ್ ಆಳದವರೆಗೂ ಎಳೆಯುತ್ತೆ, ಸಂಪು ಎರಡು ಮೀಟರ್ ಕೂಡ ಇರಲ್ಲ. ಫುಟ್‌ವಾಲ್ವನ್ನ ತಳದಿಂದ 15 ಸೆಂ.ಮೀ. ಮೇಲೆ ನಿಲ್ಲಿಸಿ. ತಿಂಗಳಿಗೊಮ್ಮೆ ಎರಡು ಬಕೆಟ್ ಎಳೆದು ನೋಡ್ತಿರಿ, ಇಲ್ಲದಿದ್ದರೆ ಒಳಗಿನ ವಾಷರ್ ಒಣಗಿ ಬೇಕಾದ ಹೊತ್ತಿಗೆ ಗಾಳಿ ಎಳೆಯುತ್ತೆ.

ಶುದ್ಧೀಕರಣ: ತಿಳಿನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅದೂ ಸುಮಾರು 33% ಕ್ಲೋರಿನ್ ಇರೋ ಹೊಸ ಪುಡಿ. ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಮಗ್ಗಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ಅರ್ಧ ಗಂಟೆ ಬಿಟ್ಟು ಬಳಸಿ. ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿ.ಗ್ರಾಂ ಆದರೂ ಇರಬೇಕು. ಹನಿ ಹಾಕಿ ಹಳದಿ ಬಣ್ಣ ನೋಡೋ ಸಣ್ಣ ಕಿಟ್ ಸಿಗುತ್ತೆ, ಒಂದು ತಂದಿಡಿ. ತೆರೆದ ಪ್ಯಾಕೆಟ್ಟಿನ ಪುಡಿ ಮಳೆಗಾಲದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತೆ. ವಾಸನೆ ಮೂಗಿಗೆ ಹೊಡೀತಿಲ್ಲ ಅಂದರೆ ಆ ಪುಡಿ ತೂಗಿ ಹಾಕಿ ಪ್ರಯೋಜನ ಇಲ್ಲ. ಕುಡಿಯೋ ನೀರನ್ನ ಹೇಗೂ ಒಂದು ನಿಮಿಷ ಚೆನ್ನಾಗಿ ಕುದಿಸಿ.

ಸಂಪಿನ ಬಾಯಿ ಪೋರ್ಟಿಕೋ ನೆಲದ ಮಟ್ಟಕ್ಕೇ ಇದ್ದರೆ ಮೊದಲು ಅದನ್ನ ಸರಿಮಾಡಿಸಿ. ಸುತ್ತ 15 ಸೆಂ.ಮೀ. ಕಟ್ಟೆ ಎಬ್ಬಿಸಬೇಕು. ಚರಂಡಿ ಉಕ್ಕಿ ಸಂಪಿಗೆ ನುಗ್ಗಿದರೆ ಮೇಲಿನ 2.5 ಗ್ರಾಂ ಲೆಕ್ಕ ನಡೆಯಲ್ಲ. ನೀರೆಲ್ಲ ಹೊರಹಾಕಿ, ಗೋಡೆ ಉಜ್ಜಿ, ಮತ್ತೆ ತುಂಬಿಸಿ ಸಾವಿರ ಲೀಟರಿಗೆ 150–170 ಗ್ರಾಂ ಪುಡಿ ಹಾಕಿ 12 ಗಂಟೆ ಬಿಟ್ಟು, ಆ ನೀರನ್ನೂ ಚೆಲ್ಲಿ, ಆಮೇಲೆ ಕುಡಿಯೋ ನೀರು. ಮುಚ್ಚಿದ್ದ ಸಂಪಿಗೆ ತೆಗೆದ ತಕ್ಷಣ ಯಾರೂ ಇಳಿಯಬಾರದು. ಬಾಯಿ ತೆರೆದು ಗಂಟೆಗಟ್ಟಲೆ ಗಾಳಿಯಾಡಲಿ, ಇಳಿಯೋರ ಸೊಂಟಕ್ಕೆ ಹಗ್ಗ, ಮೇಲೆ ಇನ್ನೊಬ್ಬರು. ಪೆಟ್ರೋಲ್ ಪಂಪನ್ನ ಸಂಪಿನೊಳಗೆ ಇಳಿಸಿ ಓಡಿಸೋದು ಜೀವಕ್ಕೇ ಕುತ್ತು.

ಮಳೆನೀರು: ಒಂದು ಚದರ ಮೀಟರಿಗೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ನಿಮ್ಮ 800 ಚದರಡಿ ಅಂದರೆ 74 ಚ.ಮೀ. 10 ಮಿ.ಮೀ. ಮಳೆಗೆ 740 ಲೀಟರ್ ಬಿದ್ದು ಸುಮಾರು 600 ಕೈಗೆ ಸಿಗುತ್ತೆ. ಆದರೆ ಅದೇ ತಾರಸಿ ಮೇಲೆ ಗೊಬ್ಬರ ತುಂಬಿದ ಬ್ಯಾಗ್ ಇಟ್ಟರೆ ಬರೋದು ಕಾಫಿ ಬಣ್ಣದ ನೀರು. ಅದು ಸಂಪಿಗೆ ಬೇಡವೇ ಬೇಡ. ತೋಟ ಮಾಡೋದಾದರೆ ಸಂಪಿಗೆ ಮೆಟ್ಟಿಲ ಮೇಲಿನ ಹೆಡ್‌ರೂಮ್ ಸ್ಲ್ಯಾಬಿನ ನೀರು ಮಾತ್ರ. ನೂರು ಚದರಡಿ ಇದ್ದರೆ 10 ಮಿ.ಮೀ.ಗೆ 75 ಲೀಟರ್. ತಾರಸಿ ನೀರನ್ನ ಬೇರೆ ಡ್ರಮ್ಮಿಗೆ ಹಿಡಿದು ಗಿಡಕ್ಕೇ ಬಿಡಿ.

---

ಈರನಗೆರೆ_ಬದನೆ

ನೀರಿನ ಬಗ್ಗೆ ಮೇಲೆ ಬಂದಿದೆ. ತೋಟದ್ದು ನಾನು ಬರೀತೀನಿ. ಮೊದಲೇ ಒಂದು ಮಾತು: ತಾರಸಿ ತೋಟದಿಂದ ಹೊಟ್ಟೆ ತುಂಬಲ್ಲ.

ಲೆಕ್ಕ ನೋಡಿ. ಐದು ಜನಕ್ಕೆ ದಿನಕ್ಕೆ ಹತ್ತಿರ ಹತ್ತಿರ 10,000 ಕಿಲೋ ಕ್ಯಾಲರಿ ಬೇಕು. ಕಡಿಮೆ ಜಾಗದಲ್ಲಿ ಹೆಚ್ಚು ಹೊಟ್ಟೆ ತುಂಬಿಸೋದು ಗೆಣಸು. 400 ಚದರಡಿ ಅಂದರೆ 37 ಚ.ಮೀ. ಅಷ್ಟೂ ಜಾಗಕ್ಕೆ ಗೆಣಸೇ ಹಾಕಿ ಚ.ಮೀ.ಗೆ 2 ಕೆಜಿ ತೆಗೆದರೂ 74 ಕೆಜಿ. ನೂರು ಗ್ರಾಂ ಹಸಿ ಗೆಣಸಿಗೆ 86 ಕಿಲೋ ಕ್ಯಾಲರಿಯಂತೆ ಒಟ್ಟು 64,000. ನಾಲ್ಕು ತಿಂಗಳು ಕಾದು ಆರೂವರೆ ದಿನದ ಊಟ! ಹೊಟ್ಟೆಗೆ ರಾಗಿ, ಅಕ್ಕಿ, ಬೇಳೆ ಡ್ರಮ್ಮಲ್ಲಿರಲಿ. ತೋಟದ ಕೆಲಸ ಬೇರೆ: ಸೊಪ್ಪು, ಮೆಣಸಿನಕಾಯಿ, ಕರಿಬೇವು, ನಿಂಬೆ, ನಾಲ್ಕು ಬದನೆ. ಅಂಗಡಿ ಮುಚ್ಚಿದ ಮೂರನೇ ದಿನಕ್ಕೆ ಇಲ್ಲವಾಗೋದು ಇವೇ.

ಸೊಪ್ಪು ತಲೆಗೆ ದಿನಕ್ಕೆ 100 ಗ್ರಾಂ ಅಂದರೆ ಮನೆಗೆ ಅರ್ಧ ಕೆಜಿ, ತಿಂಗಳಿಗೆ 15 ಕೆಜಿ. ಹರಿವೆ, ದಂಟು ಒಂದು ಚ.ಮೀ.ಗೆ 25–30 ದಿನದಲ್ಲಿ ಒಂದೂವರೆಯಿಂದ ಎರಡು ಕೆಜಿ ಕೊಡುತ್ತೆ. ಎಂಟರಿಂದ ಹತ್ತು ಚ.ಮೀ. ಹರಿವೆಗೇ ಬೇಕಾಯ್ತು. ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ, ಮೂರು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಬಿತ್ತಿ. ಚ.ಮೀ.ಗೆ ಎರಡು ಗ್ರಾಂ ಬೀಜ ಸಾಕು, ಒಣಮರಳು ಬೆರೆಸಿ ಚೆಲ್ಲಿ, ಮೇಲೆ ಉಗುರಿನಷ್ಟು ದಪ್ಪ ಗೊಬ್ಬರ ಉದುರಿಸಿ. ಹರಿವೆ ಮೊಳೆಯಲಿಲ್ಲ ಅಂತ ಬೀಜದ ಅಂಗಡಿಯವರ ಮೇಲೆ ಹರಿಹಾಯೋರು ಬಹಳ. ಹೆಚ್ಚಿನ ಸಲ ಬೀಜ ಹೊತ್ತುಕೊಂಡು ಹೋಗಿರೋದು ಇರುವೆ. ಬಿತ್ತಿದ ಮೇಲೆ ಸುತ್ತ ಒಂದು ಹಿಡಿ ರವೆ ಚೆಲ್ಲಿಬಿಡಿ, ಇರುವೆಗಳು ಅದನ್ನ ಸಾಗಿಸೋದರಲ್ಲೇ ಇರ್ತವೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತೆ. ತಳಿ ಬೇಕಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ನೋಡಿ, ಕಿತ್ತುಹಾಕದೆ ಹಲವು ಸಲ ಕೊಯ್ಯಬಹುದು.

ಆದರೆ ತುರ್ತಿಗೆ ನಂಬಬೇಕಾದ್ದು ಒಂದು ತಿಂಗಳ ಸೊಪ್ಪಲ್ಲ, ವರ್ಷಗಟ್ಟಲೆ ನಿಲ್ಲೋ ಗಿಡ. ನುಗ್ಗೆ (ಕಾಂಪೌಂಡ್ ಪಕ್ಕ ನೆಲ ಸಿಕ್ಕರೆ ನೆಲಕ್ಕೇ, ಇಲ್ಲದಿದ್ದರೆ 100 ಲೀಟರ್ ಡ್ರಮ್ಮು, ಎದೆಯೆತ್ತರಕ್ಕೆ ಸವರುತ್ತಾ ಇರಬೇಕು), ಬಸಳೆ, ಕರಿಬೇವು, ದೊಡ್ಡಪತ್ರೆ, ಹೊನಗೊನ್ನೆ, ಚಕ್ರಮುನಿ. ಗೆಣಸಿನ ಬಳ್ಳಿ ಹಾಕಿದರೆ ಗೆಡ್ಡೆಗಿಂತ ಮೊದಲು ಕುಡಿ ಸೊಪ್ಪು ಸಿಗುತ್ತೆ. ಇದು ಯಾಕೋ ನಮ್ಮ ಕಡೆ ಅಷ್ಟು ರೂಢಿಯಲ್ಲಿಲ್ಲ. ಚಕ್ರಮುನಿ ವಿಷಯಕ್ಕೆ ಎಚ್ಚರ: ಬೇಯಿಸಿ ಪಲ್ಯ, ಸಾರಿಗೆ ಸ್ವಲ್ಪ ಸ್ವಲ್ಪ ಸರಿ. ಹಸಿರಸ ಮಾಡಿ ದಿನಾ ಕುಡಿಯಬಾರದು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸೋಕೆ ಅಂತ ಹಾಗೆ ಕುಡಿದವರಿಗೆ ಶ್ವಾಸಕೋಶ ಗುಣವಾಗದಷ್ಟು ಕೆಟ್ಟಿತು. ‘ಮಲ್ಟಿ ವಿಟಮಿನ್ ಸೊಪ್ಪು’ ಅಂತ ಮಾರೋರು ಇದನ್ನ ಹೇಳಲ್ಲ.

ಮಣ್ಣು: 20 ಲೀಟರ್ ಬ್ಯಾಗಿಗೆ ಕೆಂಪುಮಣ್ಣು 6 ಲೀಟರ್, ಪೂರ್ತಿ ಕಳಿತ ಗೊಬ್ಬರ 7, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 6, ಬೇವಿನಹಿಂಡಿ 100 ಗ್ರಾಂ. ಕೋಕೋಪೀಟಿನಲ್ಲಿ ಉಪ್ಪಿರುತ್ತೆ, ಎರಡು ಸಲ ನೆನೆಹಾಕಿ ನೀರು ಬಸಿದು ಬಳಸಿ. ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯೋ ಗಸಿ) ಅಗ್ಗಕ್ಕೆ ಸಿಗುತ್ತೆ ಅಂತ ಹಸಿಯದನ್ನೇ ತುಂಬಿಸಿದರೆ ಒಳಗೇ ಕಾವು ಏರಿ ಬೇರು ಬೆಂದುಹೋಗುತ್ತೆ. ಕೈ ಹಾಕಿದರೆ ಬಿಸಿ ಇಲ್ಲ, ನಾತ ಇಲ್ಲ, ಮಣ್ಣಿನ ವಾಸನೆ ಬರ್ತಿದೆ ಅಂದ ಮೇಲೇ ಮುಟ್ಟಿ.

ಭಾರ: ಓಡಾಡೋ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹೇಳೋ ಹೊರೆ ಚ.ಮೀ.ಗೆ 1.5 ಕಿಲೋ ನ್ಯೂಟನ್, ಅಂದರೆ ಸುಮಾರು 150 ಕೆಜಿ. ಮೇಲಿನ ಮಿಶ್ರಣದ ಬ್ಯಾಗು ನೀರು ಕುಡಿದ ಮೇಲೆ ಹತ್ತಿರ ಹತ್ತಿರ 20 ಕೆಜಿ. ಚ.ಮೀ.ಗೆ ನಾಲ್ಕು ಇಟ್ಟರೆ 80 ಕೆಜಿ, ತೊಂದರೆಯಿಲ್ಲ. ಇಟ್ಟಿಗೆ ಕಟ್ಟಿ ಒಂದಡಿ ಮಣ್ಣು ಹಾಕಿದ ಪಾತಿ ಒದ್ದೆಯಾದಾಗ 450–500 ಕೆಜಿ ದಾಟುತ್ತೆ, ಅದು ಬೇಡ. ಡ್ರಮ್ಮುಗಳನ್ನ ಕಾಲಂ, ಬೀಮ್ ಇರೋ ಅಂಚಿಗೆ ಇಡಿ. ಬ್ಯಾಗು ನೆಲಕ್ಕೆ ತಾಗದ ಹಾಗೆ ಮೂರಿಂಚು ಎತ್ತರದ ಸ್ಟ್ಯಾಂಡು, ನೀರಿಳಿಯೋ ಕೊಳವೆ ಬಾಯಿಗೆ ಜಾಲರಿ. ಹಳೇ ಅಗ್ರಹಾರದ ಮನೆಗಳಂಥ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು) ಇರೋರು ಯಾರಾದರೂ ಇದನ್ನ ಓದ್ತಿದ್ದರೆ, ನಿಮ್ಮ ಮನೆಗೆ ಈ ಲೆಕ್ಕ ಅನ್ವಯಿಸಲ್ಲ. ಅಂಗಳದಲ್ಲೇ ಬೆಳೀರಿ.

ಕೊನೇದು, ಯಾರೂ ಕೇಳದ ಪ್ರಶ್ನೆ: ನೀರು ನಿಂತಾಗ ತೋಟಕ್ಕೇನು? ಅರವತ್ತು ಬ್ಯಾಗು, ತಲಾ ಒಂದು ಲೀಟರ್, ಎರಡು ವಾರಕ್ಕೆ 840 ಲೀಟರ್. ಅದು ಸಂಪಿನಿಂದ ಹೋದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ದಿನಕ್ಕೆ 20 ಲೀಟರ್ ಸಿಕ್ಕೀತು. ಅದನ್ನ ನಿಂಬೆ, ಬಸಳೆ, ಮೆಣಸಿನಗಿಡ, ಡ್ರಮ್ಮಿನ ನುಗ್ಗೆಗೆ ಕೊಡಿ. ಹರಿವೆಯನ್ನ ಮೊದಲ ಎರಡು ದಿನದಲ್ಲೇ ಕಿತ್ತು ತಿಂದುಬಿಡಿ, ಒಣಗಲು ಬಿಡಬೇಡಿ. ಬ್ಯಾಗಿನ ಮೇಲೆ ಎರಡಿಂಚು ಕಬ್ಬಿನ ತರಗೋ ಒಣ ತೆಂಗಿನ ನಾರೋ ಹೊದಿಸಿದ್ದರೆ ದಿನ ಬಿಟ್ಟು ದಿನ ಹಾಕಿದರೂ ನಡೆಯುತ್ತೆ. ಆರ್‌ಒ ಬಿಸಾಡೋ ನೀರಲ್ಲಿ ಉಪ್ಪು ಹೆಚ್ಚು, ಬರೀ ಅದನ್ನೇ ಹಾಕಿದರೆ ಎಲೆಯಂಚು ಸುಡುತ್ತೆ. ಬಟ್ಟೆ ಸೋಪಿನ ನೀರು ಸೊಪ್ಪಿಗೆ ಬೇಡ.

---

ನಾಲೆಬದಿ_ಪಾಂಡವಪುರ

ಅಕ್ಕಾ, ಕಾಳುಕಡಿ ವಿಚಾರ ಯಾರೂ ಸರಿಯಾಗಿ ಹೇಳ್ಲಿಲ್ಲ, ನಾನ್ ಹೇಳ್ತೀನಿ.

ಆಳಿಗೆ ದಿನಕ್ಕೆ ಕಾಲು ಕೆಜಿ ಅಂತ ಲೆಕ್ಕ ಹಾಕ್ಬೇಡಿ, ಸಾಲಕ್ಕಿಲ್ಲ. 350 ಗ್ರಾಂ ಇಟ್ಕಳಿ. ಐದು ಜನ, ಹದಿನಾಲ್ಕು ದಿನ ಅಂದ್ರೆ ಇಪ್ಪತ್ತೈದು ಕೆಜಿ: ಅಕ್ಕಿ 13, ರಾಗಿ 12. ಬೇಳೆಕಾಳು 5 ಕೆಜಿ, ಎಣ್ಣೆ 2 ಲೀಟರ್, ಬೆಲ್ಲ ಒಂದೂವರೆ ಕೆಜಿ, ಉಪ್ಪು ಒಂದು ಪ್ಯಾಕೆಟ್, ಹುಣಸೇಹಣ್ಣು ಅರ್ಧ ಕೆಜಿ. ಅತ್ತೆಯವ್ರಿಗೆ ಸಕ್ಕರೆ ಕಾಯಿಲೆ ಅಂತೀರಿ, ಅವ್ರಿಗೆ ಬೆಲ್ಲ ಲೆಕ್ಕದಾಗೆ. ಆದ್ರೆ ಇನ್ಸುಲಿನ್ ತಗಳೋರಿಗೆ ಊಟ ತಡವಾಗಿ ಸಕ್ಕರೆ ಇಳಿದ್ರೆ ತಕ್ಷಣ ಬಾಯಿಗೆ ಹಾಕೋಕೆ ಅದೇ ಬೇಕು, ಕೈಗೆಟುಕೋ ಕಡೆ ಇರ್ಲಿ.

ರಾಗಿ ಅಂದ್ರೆ ಕಾಳು ಕಣಕ್ಕ, ಹಿಟ್ಟಲ್ಲ. ನಮ್ಮ ಕಡೆ ಹಿಂದೆ ಹಗೇವಿನಲ್ಲಿ (ಕಾಳು ತುಂಬೋ ನೆಲದೊಳಗಿನ ಗುಂಡಿ) ವರ್ಷಗಟ್ಟಲೆ ಇಡ್ತಿದ್ರು, ಕಾಳಿಗೆ ಏನೂ ಆಗ್ತಿರ್ಲಿಲ್ಲ. (ಮೇಲೆ ಸಂಪಿಗೆ ತಕ್ಷಣ ಇಳೀಬೇಡಿ ಅಂದ್ರಲ್ಲ, ಹಗೇವು ತೆಗೆದಾಗ್ಲೂ ಅದೇ. ಒಳಗೆ ಕೆಟ್ಟ ಗಾಳಿ ನಿಂತಿರ್ತದೆ, ದೀಪ ಇಳಿಬಿಟ್ಟು ಆರ್ತದೋ ಉರೀತದೋ ನೋಡಿ ಆಮೇಲೆ ಇಳಿಯೋರು. ಸಂಪಿಗೆ ಮಾತ್ರ ಆ ದೀಪದ ಪರೀಕ್ಷೆ ನಂಬ್ಕಬೇಡಿ.) ಅದೇ ರಾಗಿ ಹಿಟ್ಟು ಮಾಡ್ಸಿಟ್ರೆ ಕಾಳಿನಷ್ಟು ದಿನ ತಡೆಯಲ್ಲ, ಕಮಟು ಹೊಡೀತದೆ, ಮುದ್ದೆ ಕಹಿ ಬತ್ತದೆ. ಇಲ್ಲೇ ಎಲ್ರೂ ಎಡವೋದು: ಹನ್ನೆರಡು ಕೆಜಿ ರಾಗಿ ಡ್ರಮ್ಮಲ್ಲಿ ಐತೆ, ಕರೆಂಟಿಲ್ಲ, ಮಿಲ್ಲು ಬಾಗ್ಲಾಕೈತೆ. ಏನ್ ಮಾಡ್ತೀರಿ? ಅದ್ಕೇ ನಾಲ್ಕು ಕೆಜಿ ಹಿಟ್ಟು ಯಾವಾಗ್ಲೂ ಇರ್ಲಿ, ಅದ ತಿಂತಾ ತಿಂತಾ ಹೊಸದು ಬೀಸಿಸ್ತಾ ಓಗಿ. ಉಳಿದದ್ದು ಕಾಳು. ಮನೇಲಿ ರಾಗಿಕಲ್ಲು ಇದ್ರೆ ಮಾರ್ಬೇಡಿ.

ಒಲೆ ಹಚ್ಚದೇ ತಿನ್ನೋಕೆ ಹುರಿಹಿಟ್ಟಿಗಿಂತ ಒಳ್ಳೇದಿಲ್ಲ. ರಾಗಿ ನೀರಲ್ಲಿ ನೆನೆಸಿ, ಬಸಿದು, ನೆರಳಲ್ಲಿ ಆರಾಕಿ, ಕಾದ ಬಾಣಲೀಲಿ ಅರಳು ಸಿಡಿಸಿ ಬೀಸಿಸೋದು. ಮೊಸರು, ಉಪ್ಪು, ಈರುಳ್ಳಿ ಹಾಕಿ ಕಲಸ್ಕಂಡ್ರೆ ಒಂದೊತ್ತಿಗೆ ಆಯ್ತು. ಒಂದು ಕೆಜಿ ಅದು, ಎರಡು ಕೆಜಿ ಗಟ್ಟಿ ಅವಲಕ್ಕಿ ಇಟ್ಕಳಿ. ಬಿಸ್ಕೆಟ್ ಪ್ಯಾಕೆಟ್ ಗುಡ್ಡೆ ಹಾಕ್ಬೇಡಿ.

ಹುಳದ ಕಾಟ: ಅವರೆ, ಅಲಸಂದೆಗೆ ಹುಳ ನಿಮ್ಮ ಡಬ್ಬೀಲಿ ಹುಟ್ಟಲ್ಲ, ಮೊಟ್ಟೆ ಹೊಲದಿಂದ್ಲೇ ಬಂದಿರ್ತದೆ. ಬೇವಿನ ಎಲೆ ಹಾಕಿದ್ರೆ ಹೊಸ ಹುಳ ಹತ್ರ ಬರದು ಕಮ್ಮಿ ಆಯ್ತದೆ, ಒಳಗಿರೋದು ಸಾಯಲ್ಲ. ಮೂರು ದಿನ ರಣಬಿಸಿಲಲ್ಲಿ ಒಣಗಿಸಿ, ಹಲ್ಲಿಗೆ ಹಾಕಿದ್ರೆ ‘ಟಕ್’ ಅನ್ನಬೇಕು, ಮೆತ್ತಗೆ ಅದುಮಿದ್ರೆ ಇನ್ನೂ ಒಣಗಿಲ್ಲ. ಕಾಳಿನ ಬಿಸಿ ಪೂರ್ತಿ ಆರಿದ್ಮೇಲೆ ಕೆಜಿಗೆ 5 ಎಂಎಲ್ ಹರಳೆಣ್ಣೆ ಅಂಗೈಯಿಂದ ಸವರಿ, ಗಾಳಿಯಾಡದ ಡಬ್ಬೀಗೆ ಕಂಠದ ಮಟ್ಟ ತುಂಬಿ. ಅರ್ಧ ಡಬ್ಬಿ ಖಾಲಿ ಬುಟ್ರೆ ಹುಳಕ್ಕೆ ಉಸಿರಾಡಕ್ಕೆ ನೀವೇ ಜಾಗ ಮಾಡ್ಕೊಟ್ಟಂಗೆ. ಬೆಲ್ಲ ಮಳೆಗಾಲದಲ್ಲಿ ನೀರೊಡೀತದೆ, ಪಾಲಿಥಿನ್ ಸುತ್ತಿ ಸ್ಟೀಲ್ ಡಬ್ಬೀಲಿ ಇಡಿ.

ಗ್ಯಾಸು: ಎರಡು ಸಿಲಿಂಡರ್ ಕನೆಕ್ಷನ್ ಇರ್ಲಿ. ಒಂದು ಖಾಲಿಯಾದ ದಿನಾನೇ ಬುಕ್ ಮಾಡಿ, ‘ಇನ್ನೊಂದೈತಲ್ಲ’ ಅಂತ ಕೂತ್ಕಬೇಡಿ. ಕಾಳು ರಾತ್ರಿ ನೆನೆಸಿ. ಕುಕ್ಕರ್ ಒಂದು ಕೂಗು ಕೂಗಿಸಿ ಇಳಿಸಿ, ದಪ್ಪ ಕಂಬಳೀಲಿ ಸುತ್ತಿಟ್ರೆ ಅನ್ನ ತಾನೇ ಬೆಂದುಬಿಡ್ತದೆ. ಇದ್ದಿಲ ಒಲೆ ಮನೆಯೊಳಗೆ ಹಚ್ಚೋದು ಖಂಡಿತಾ ಬೇಡ. ಹೊಗೆ ಕಾಣ್ದಿದ್ರೂ ಅದರ ಗಾಳಿ ಮಲಗಿದೋರ ಪ್ರಾಣ ತೆಗೀತದೆ.

---

ಫ್ಯೂಸ್_ಕ್ಯಾರಿಯರ್

ಕರೆಂಟಿನ ಭಾಗ. 150 ಎಎಚ್ × 12 ವೋಲ್ಟ್ = 1,800 ವ್ಯಾಟ್-ಅವರ್. ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗಿಳಿಸಬಾರದು, ಇನ್ವರ್ಟರ್ ನಷ್ಟ ಶೇ. 20 ಕಳೆದರೆ ಕೈಗೆ 720. ಎರಡು ಹಳೇ ಫ್ಯಾನು (75 ವ್ಯಾಟ್), ನಾಲ್ಕು ಎಲ್‌ಇಡಿ (9 ವ್ಯಾಟ್), ರೂಟರ್ 10 ವ್ಯಾಟ್ ಅಂದರೆ 196 ವ್ಯಾಟ್: ಮೂರೂಮುಕ್ಕಾಲು ಗಂಟೆಗೂ ಸ್ವಲ್ಪ ಕಡಿಮೆ. ಅದೇ ಕಡಿಮೆ ಕರೆಂಟು ಎಳೆಯೋ ಬಿಎಲ್‌ಡಿಸಿ ಫ್ಯಾನು (30 ವ್ಯಾಟ್) ಹಾಕಿದರೆ 106 ವ್ಯಾಟ್, ಆರೂಮುಕ್ಕಾಲು ಗಂಟೆ. ದೊಡ್ಡ ಬ್ಯಾಟರಿ ತರೋ ಮುಂಚೆ ಫ್ಯಾನು ಬದಲಾಯಿಸಿ.

ಇಷ್ಟೆಲ್ಲಾ ಒಂದು ರಾತ್ರಿಗೆ ಮಾತ್ರ. ದಿನಗಟ್ಟಲೆ ಕರೆಂಟಿಲ್ಲ ಅಂದರೆ ಸೋಲಾರ್ ಪ್ಯಾನೆಲ್ಲೇ ಗತಿ. 330 ವ್ಯಾಟ್ ಪ್ಯಾನೆಲ್, ಚಾರ್ಜ್ ಕಂಟ್ರೋಲರ್ ಇದ್ದರೆ ಬಿಸಿಲಿನ ದಿನ ಸಾವಿರ ವ್ಯಾಟ್-ಅವರ್ ಆಸುಪಾಸು ಬರುತ್ತೆ, ಆಷಾಢದ ಮೋಡದಲ್ಲಿ ಅರ್ಧಕ್ಕೆ ಇಳಿಯುತ್ತೆ. ನುಗ್ಗೆ ಮರದ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ತೀರಾ ಕುಸಿಯುತ್ತೆ, ತೋಟ ಹಾಕೋ ಮುಂಚೆ ಜಾಗ ಗುರುತು ಮಾಡಿಕೊಳ್ಳಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆರ್‌ಒ ನೀರಲ್ಲ, ಮಳೆನೀರೂ ಅಲ್ಲ.

ಸಂಪಿನ ಅರ್ಧ ಎಚ್‌ಪಿ ಮೋಟಾರ್ ಇನ್ವರ್ಟರಿಗೆ ಹಾಕೋ ಯೋಚನೆ ಬಿಡಿ. ಓಡುವಾಗ 600 ವ್ಯಾಟ್ ಅಂತ ಕಂಡರೂ ಸ್ಟಾರ್ಟ್ ಆಗೋ ಕ್ಷಣಕ್ಕೆ ನಾಲ್ಕೈದು ಪಟ್ಟು ಎಳೆಯುತ್ತೆ, 900 ವಿಎ ಟ್ರಿಪ್ ಆಗುತ್ತೆ. ಕೈಪಂಪೇ ಸರಿ. ಜನರೇಟರ್ ಬಾಡಿಗೆಗೆ ತಂದರೆ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆ ಲೈನಿಗೆ ಕೊಡಲೇಬೇಡಿ. ಕರೆಂಟು ಹಿಂದಕ್ಕೆ ಕಂಬಕ್ಕೆ ಹರಿದು ರಿಪೇರಿಗೆ ಹತ್ತಿದ ಲೈನ್‌ಮನ್ ಸಾಯ್ತಾನೆ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಹೇಳಿ, ಪ್ರಾಣಾಪಾಯ ಅಂದರೆ 112.

ಇನ್ಸುಲಿನ್: ಬಳಸ್ತಿರೋ ವಯಲ್, ಪೆನ್ನು ಸಾಮಾನ್ಯವಾಗಿ 25–30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಡೆಯುತ್ತೆ. ಆದರೆ ಬ್ರಾಂಡಿನಿಂದ ಬ್ರಾಂಡಿಗೆ ವ್ಯತ್ಯಾಸ ಇದೆ, ನಿಮ್ಮ ಡಬ್ಬಿಯ ಮೇಲಿರೋದನ್ನೇ ನಂಬಿ, ವೈದ್ಯರನ್ನೂ ಕೇಳಿಟ್ಟುಕೊಳ್ಳಿ. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಂಪು ನಿಲ್ಲುತ್ತೆ. ಆಮೇಲೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಚಿಕ್ಕದರೊಳಗೆ ಡಬ್ಬಿಯಲ್ಲಿ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ, ಗಾಳಿಯಾಡೋ ನೆರಳು. ಬೇಸಿಗೆಯ ಒಣಗಾಳಿಗೆ ಇದು ಚೆನ್ನಾಗಿ ತಂಪಾಗುತ್ತೆ, ಮಳೆಗಾಲದ ಥಂಡಿಯಲ್ಲಿ ಅಷ್ಟಾಗಿ ಆಗಲ್ಲ. ಒಳಗೊಂದು ಥರ್ಮಾಮೀಟರ್ ಇಡಿ. ಐಸಿಗೆ ನೇರ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಅದನ್ನ ಎಸೆಯೋದೇ.

---

ಕುವೆಂಪುನಗರ_ತಾರಸಿ

ಎಲ್ಲರಿಗೂ ಧನ್ಯವಾದ. ಹೊಟ್ಟೆ ತುಂಬೋ ಆಸೆ ಗೆಣಸಿನ ಲೆಕ್ಕಕ್ಕೇ ಮುಗೀತು! ಇನ್ನೆರಡು ಕೇಳ್ತೀನಿ. ಬೀಜವನ್ನ ಪ್ರತಿ ಸಲ ಕೊಳ್ಳಬೇಕಾ, ಮನೆಯಲ್ಲೇ ಉಳಿಸಿಕೊಳ್ಳಬಹುದಾ? ಹೆಡ್‌ರೂಮ್ ನೀರಿಗೆ ಮೊದಲ ಮಳೆ ಹೊರಬಿಡೋ ಪೈಪು ಪ್ಲಂಬರ್ ಒಂದು ಮೀಟರ್ ಸಾಕು ಅಂತಾರೆ, ಸರಿನಾ?

---

ಈರನಗೆರೆ_ಬದನೆ

ಉಳಿಸಿಕೊಳ್ಳಬಹುದು, ಎಲ್ಲವನ್ನೂ ಅಲ್ಲ. ಪ್ಯಾಕೆಟ್ ಮೇಲೆ ಎಫ್1, ಅಂದರೆ ಹೈಬ್ರಿಡ್, ಅಂತಿದ್ದರೆ (ಅರ್ಕಾ ರಕ್ಷಕ್ ಟೊಮೆಟೊ ಥರ) ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಥರ. ಅರ್ಕಾ ಅನಾಮಿಕಾ ಬೆಂಡೆ, ಅವರೆ, ಅಲಸಂದೆ, ನಾಟಿ ಟೊಮೆಟೊ, ಈರನಗೆರೆ ಬದನೆ ಇವೆಲ್ಲ ಉಳಿಸಬಹುದು. ಹರಿವೆ ಪಕ್ಕದ ಬಣ್ಣದ ಜೊತೆ ಬೆರೆತುಹೋಗುತ್ತೆ, ಬೀಜಕ್ಕೆ ಬಿಡುವಾಗ ಒಂದೇ ತಳಿ ಇರಲಿ. ಬೆಂಡೆಯಲ್ಲಿ ಮರುದಿನ ಅರಳೋ ಮೊಗ್ಗಿಗೆ ಸಂಜೆಯೇ ಸಣ್ಣ ಬಟ್ಟೆ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ದಾರ ಕಟ್ಟಿ ಗುರುತು ಮಾಡಿ. ಮೊದಲ ಕಾಯಿಗಳನ್ನೇ ಬೀಜಕ್ಕೆ ಬಿಡಿ, ಕೊನೆಯಲ್ಲಿ ಉಳಿದ ಸೊಟ್ಟ ಕಾಯಿಯನ್ನಲ್ಲ.

ಟೊಮೆಟೊ ತಿರುಳನ್ನ ಲೋಟದಲ್ಲಿ ಎರಡು ದಿನ ಹುಳಿ ಬರಿಸಿ, ತೊಳೆದು, ತಟ್ಟೆ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತೆ. ಗಾಜಿನ ಬಾಟಲಿ ತಳಕ್ಕೆ ಹುರಿದು ಆರಿಸಿದ ಅಕ್ಕಿ ಎರಡು ಚಮಚ, ಮೇಲೆ ಬೀಜದ ಪೊಟ್ಟಣ, ಪೊಟ್ಟಣದ ಮೇಲೆ ತಿಂಗಳು, ವರ್ಷ. ಅವರೆ ಹಳೇ ನಾಟಿ ತಳಿಯಾದರೆ ಆಷಾಢ–ಶ್ರಾವಣದಲ್ಲೇ ಬಿತ್ತಿ. ಹಗಲು ಚಿಕ್ಕದಾಗದೆ ಅದು ಹೂ ಬಿಡಲ್ಲ, ಜನವರಿಯಲ್ಲಿ ಬಿತ್ತಿದರೆ ಬರೀ ಬಳ್ಳಿ. ಯಾವ ಕಾಲಕ್ಕೂ ಬೇಕಂದರೆ ಬೆಂಗಳೂರು ಕೃಷಿ ವಿವಿಯ ಹೆಬ್ಬಾಳ ಅವರೆ ತಳಿ ಎಚ್‌ಎ-4 ಕೇಳಿ. ಮಂಡ್ಯದ ವಿ.ಸಿ. ಫಾರ್ಮ್, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೀಜದ ಬಗ್ಗೆ ವಿಚಾರಿಸಬಹುದು.

---

ಸಂಪಿನ_ಮುಚ್ಚಳ

ಒಂದು ಮೀಟರ್ ಪೈಪು ನಿಮ್ಮ ಹೆಡ್‌ರೂಮಿಗೇ ಸ್ವಲ್ಪ ಕಮ್ಮಿ ಬೀಳುತ್ತೆ, ತಾರಸಿಗಂತೂ ಸಾಲಲ್ಲ. ಮೊದಲ ಒಂದು ಮಿ.ಮೀ. ಹೊರಬಿಡಬೇಕು ಅನ್ನೋದು ಲೆಕ್ಕ. ನಾಲ್ಕಿಂಚಿನ ಪಿವಿಸಿ ಒಂದು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತೆ. ಹೆಡ್‌ರೂಮ್ 9.3 ಚ.ಮೀ., ಬೇಕಾದ್ದು 9.3 ಲೀಟರ್, ಹಾಗಾಗಿ 1.25 ಮೀಟರ್ ಹಾಕಿಸಿ. 74 ಚ.ಮೀ. ತಾರಸಿಗೆ ಇದೇ ಲೆಕ್ಕದಲ್ಲಿ ಒಂಬತ್ತು ಮೀಟರ್ ಪೈಪು ಬೇಕು, ಅದರ ಬದಲು ಹಳೇ 80 ಲೀಟರ್ ಡ್ರಮ್ಮು ಸಾಕು.

ಪೈಪಿನ ತಳಕ್ಕೆ ಗಮ್ ಹಾಕಿ ಮುಚ್ಚಿಸಬೇಡಿ, ತಿರುಪಿನ ಮುಚ್ಚಳ ಇರಲಿ, ಕಸ ತೆಗೆಯೋಕೆ ಬೇಕು. ಆ ಮುಚ್ಚಳಕ್ಕೆ 3 ಮಿ.ಮೀ. ತೂತು ಕೊರೆದರೆ ಮಳೆ ನಿಂತ ಮೇಲೆ ತಾನಾಗಿ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧ. ತೂತು ಇಡದಿದ್ದರೆ ಹಿಂದಿನ ಮಳೆಯ ಕೊಳಕು ಅಲ್ಲೇ ನಿಂತು, ಮುಂದಿನ ಮಳೆಯ ಮೊದಲ ನೀರು ನೇರ ಸಂಪಿಗೇ ಹೋಗುತ್ತೆ. ತೂತು ಕಟ್ಟಿಕೊಂಡಿದೆಯಾ ಅಂತ ಭರಣಿ ಮಳೆಗೆ ಮುಂಚೆ ಒಂದು ಸಲ, ಹಸ್ತ–ಚಿತ್ತೆಗೆ ಮುಂಚೆ ಇನ್ನೊಂದು ಸಲ ನೋಡಿ. ಸಂಪಿಗೆ ಹೋಗೋ ಪೈಪಿನ ಬಾಯಿ, ಡ್ರಮ್ಮಿನ ಬಾಯಿ, ಓವರ್‌ಫ್ಲೋ ಮೂರಕ್ಕೂ ಸೊಳ್ಳೆ ಜಾಲರಿ ಕಟ್ಟಿಸಿ. ಡೆಂಗೀ ಸೊಳ್ಳೆ ಮೊಟ್ಟೆಯಿಂದ ಹಾರೋ ಹಂತಕ್ಕೆ ಬರೋಕೆ ಏಳೆಂಟು ದಿನ ಸಾಕು. ಓವರ್‌ಫ್ಲೋಗೆ ಜಾಲರಿ ಹಾಕೋದನ್ನ ಪ್ಲಂಬರುಗಳು ಮರೀತಾರೆ, ನಿಂತು ಹಾಕಿಸಿ.